ಫಲಕ ಸರಿದರೆ ಆಕರಕ್ಕೇನಾಗುತ್ತದೆ?

ಏಕಸಂಬಿಯ ಬಳಿ ದೂಧಗಂಗೆಯಿಂದ ಕಬ್ಬಿನ ಹೊಲಕ್ಕೆ ನೀರೆತ್ತುವ ರೈತನಿಗೆ ಫುಟ್‌ವಾಲ್ವಿನ ಗುಣವನ್ನು ಹೇಳಿಕೊಡಬೇಕಾದುದಿಲ್ಲ. ನೀರನ್ನು ಅದು ಮೇಲಕ್ಕೆ ಬಿಡುತ್ತದೆ, ಹಿಂದಕ್ಕೆ ಬಿಡದು. ವಿದ್ಯುದ್ಧಾರಕದ ಲೆಕ್ಕ ಬಿಡಿಸುವ ವಿದ್ಯಾರ್ಥಿಗೂ ಈ ತಿಳಿವಳಿಕೆ ಅವಶ್ಯಕವೆಂಬುದು ನಮ್ಮ ಅಭಿಪ್ರಾಯ. ಆತನಿಗೆ ಆಕರವೆಂದರೆ ಕಾಗದದ ಮೇಲಿನ ಎರಡು ಗೆರೆ ಮಾತ್ರ.

30 ಸೆಂಟಿಮೀಟರು ಚೌಕದ ಎರಡು ಲೋಹದ ಫಲಕಗಳನ್ನು 1 ಮಿಲಿಮೀಟರು ಅಂತರದಲ್ಲಿಟ್ಟು, 1000 ವೋಲ್ಟಿನ ಬ್ಯಾಟರಿಗೆ ಜೋಡಿಸೋಣ. ಅವುಗಳಲ್ಲಿ ಸುಮಾರು 0.8 ಮೈಕ್ರೊಕೂಲಂ ಆವೇಶವೂ 0.4 ಮಿಲಿಜೌಲು ಶಕ್ತಿಯೂ ನೆಲೆಸುತ್ತವೆ. ಈಗ ಅಂತರವನ್ನು ಇಮ್ಮಡಿಗೊಳಿಸಿದರೆ ಧಾರಣಶಕ್ತಿ ಅರ್ಧಕ್ಕಿಳಿಯುತ್ತದೆ. ಅರ್ಧ ಆವೇಶ ಬ್ಯಾಟರಿಗೆ ಮರಳಬೇಕು. ಫಲಕಗಳ ನಡುವಣ ಶಕ್ತಿ 0.2 ಮಿಲಿಜೌಲಿನಷ್ಟು ಕುಗ್ಗುತ್ತದೆ. ಆಕರ್ಷಣೆಯ ವಿರುದ್ಧ ಎಳೆದ ಕೈಯೂ 0.2 ಮಿಲಿಜೌಲು ಕೆಲಸ ಮಾಡಿರುತ್ತದೆ. ಎರಡೂ ಸೇರಿ 0.4 ಮಿಲಿಜೌಲು ಬ್ಯಾಟರಿಯನ್ನು ಸೇರುತ್ತದೆ. ಎಳೆದವನೇ ಆಕರಕ್ಕೆ ಶಕ್ತಿಯನ್ನಿತ್ತಂತಾಯಿತು!

ಆದರೆ ಪ್ರಯೋಗಶಾಲೆಯ ಅಧಿಕ ವೋಲ್ಟೇಜಿನ ಆಕರ ಸಾಮಾನ್ಯವಾಗಿ ಬ್ಯಾಟರಿಯಲ್ಲ, ಡಯೋಡುಗಳುಳ್ಳ ಉಪಕರಣ. ಡಯೋಡೆಂದರೆ ವಿದ್ಯುತ್ತಿನ ಫುಟ್‌ವಾಲ್ವು. ಮರಳಿಬಂದ ಆವೇಶವನ್ನು ಅದು ಒಳಕ್ಕೆ ಬಿಡದು. ಉಪಕರಣದ ಹೊರದ್ವಾರದಲ್ಲಿ ದೊಡ್ಡ ಧಾರಕವಿದ್ದರೆ ಅದು ಆವೇಶವನ್ನು ನುಂಗಿಕೊಳ್ಳುತ್ತದೆ, ವೋಲ್ಟೇಜು ಅಷ್ಟಾಗಿ ಏರದು. ಅಂಥ ಧಾರಕವಾಗಲಿ, ಆವೇಶ ಸೋರಿಹೋಗುವ ಮಾರ್ಗವಾಗಲಿ ಇಲ್ಲದಿದ್ದರೆ, ಮೇಲಿನ ಉದಾಹರಣೆಯಲ್ಲಿ ವೋಲ್ಟೇಜು 2000ದ ಸಮೀಪಕ್ಕೇರಬೇಕಾಗುತ್ತದೆ. ತಂತಿಯನ್ನು ಕಳಚಿ ಎಳೆದರೂ ಇದೇ ಗತಿ. 1775ರಲ್ಲಿ ವೋಲ್ಟಾ ಪ್ರಚುರಪಡಿಸಿದ ಎಲೆಕ್ಟ್ರೋಫೋರಸ್ ಕೂಡ, ಆವೇಶಯುಕ್ತ ಫಲಕವನ್ನು ಬೇರ್ಪಡಿಸುವ ಕೈಯ ಶ್ರಮದಿಂದಲೇ ಕಿಡಿಯನ್ನು ಪಡೆಯುತ್ತಿತ್ತು.

ಇದು ಬರಿಯ ಪರೀಕ್ಷೆಯ ಪ್ರಶ್ನೆಯಲ್ಲ. "ಸ್ವಿಚ್ಚು ಆರಿಸಿದ್ದೇನೆ, ಇನ್ನು ಭಯವಿಲ್ಲ" ಎಂಬ ಮಾತು ಸುಳ್ಳಾಗುವುದು ಇಲ್ಲಿಯೇ. ನಮ್ಮ ಉದಾಹರಣೆಯ ಪುಟ್ಟ ಫಲಕಗಳು ಚುರುಕು ಮುಟ್ಟಿಸಿಯಾವು, ಅಷ್ಟೆ. ದೊಡ್ಡ ಧಾರಕಗಳಲ್ಲಿ ಉಳಿದ ಆವೇಶ ಪ್ರಾಣವನ್ನೇ ತೆಗೆಯಬಲ್ಲದು.

ಆದುದರಿಂದ ಈ ಪಾಠವನ್ನು ಹೇಳುವ ಉಪಾಧ್ಯಾಯರು ಮೂರು ಸಂಗತಿಗಳನ್ನು ತಪ್ಪದೆ ತಿಳಿಸಬೇಕೆಂದು ನಾವು ಬಯಸುತ್ತೇವೆ: ಆಕರ ಜೋಡಣೆಯಲ್ಲಿದೆಯೆ? ಇದ್ದರೆ, ಆವೇಶವನ್ನು ಮರಳಿ ಪಡೆಯಬಲ್ಲುದೆ? ಮುಟ್ಟುವ ಮುನ್ನ ಫಲಕಗಳ ಆವೇಶವನ್ನು ಸೂಕ್ತ ರೋಧಕದ ಮೂಲಕ ಭೂಮಿಗೆ ಹರಿಸಿದ್ದಾಯಿತೆ? ದೂಧಗಂಗೆಯ ದಡದ ಮಕ್ಕಳಿಗೆ ಎರಡನೆಯ ಪ್ರಶ್ನೆಯನ್ನು ವಿವರಿಸಲು ಬೇರೆ ಸಲಕರಣೆ ಬೇಡ. ಹೊಲದ ಪಂಪೇ ಸಾಕು.