ಅಂಗೈ ಗಣಕಕ್ಕೆ ಬುತ್ತಿಯ ಲೆಕ್ಕ

ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಗಣಕ ಫಲಕ 2012ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ ಮೇಲೆ, ಮನೆಯಲ್ಲೇ ಗಣಕ ಜೋಡಿಸುವುದು ವಿದ್ಯಾರ್ಥಿಗಳಿಗೂ ಎಟುಕುವ ಕೆಲಸವಾಯಿತು. ಅದೇ ಬಳಗದ ‘ಝೀರೋ’ ಫಲಕಗಳು ಆರೂವರೆ ಸೆಂಟಿಮೀಟರ್ ಉದ್ದ, ಮೂರು ಸೆಂಟಿಮೀಟರ್ ಅಗಲ, ಅಷ್ಟೇ. ಪುಟ್ಟ ಪರದೆ, ಕೆಲವು ಗುಂಡಿಗಳನ್ನು ಸೇರಿಸಿದರೆ ಅಂಗೈ ಗಣಕ ಸಿದ್ಧ. ಆದರೆ ಗೋಡೆಯ ಪ್ಲಗ್ಗಿನಿಂದ ಬಿಡಿಸಿಕೊಂಡು ಹೊರಡುವಾಗ ಅದಕ್ಕೆ ಎಷ್ಟು ಬುತ್ತಿ ಕಟ್ಟಬೇಕು?

ಹಲವರು ಮಾಡುವ ಲೆಕ್ಕ ಹೀಗಿರುತ್ತದೆ. ಪರದೆಯೂ ಸೇರಿ ಗಣಕ 400 ಮಿಲಿಆಂಪಿಯರ್ ಸೆಳೆಯುತ್ತದೆ ಎಂದಿಟ್ಟುಕೊಳ್ಳಿ. ಲಿಥಿಯಂ ಅಯಾನ್ ಸೆಲ್ಲಿನ ಮೇಲೆ 2500 ಮಿಲಿಆಂಪಿಯರ್-ಗಂಟೆ ಎಂದು ಬರೆದಿದೆ. ಭಾಗಿಸಿದರೆ ಆರೂಕಾಲು ಗಂಟೆ. ಆದರೆ ಗಣಕ ನಾಲ್ಕೇ ಗಂಟೆಗೆ ಕಣ್ಣು ಮುಚ್ಚುತ್ತದೆ! ಅಂಗಡಿಯವರನ್ನು ದೂರುವ ಮುನ್ನ ಲೆಕ್ಕವನ್ನು ಮತ್ತೊಮ್ಮೆ ನೋಡೋಣ.

ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ಹುಟ್ಟುತ್ತಿರುವುದು ಕಾವೇರಿಯಲ್ಲಿ ನೀರಿದೆ ಎಂಬ ಒಂದೇ ಕಾರಣಕ್ಕಲ್ಲ. ಆ ನೀರು ಎತ್ತರದಿಂದ ಬೀಳುತ್ತದೆ. ಮಿಲಿಆಂಪಿಯರ್-ಗಂಟೆ ಎಂದರೆ ನೀರಿನ ಪ್ರಮಾಣವಿದ್ದಂತೆ, ವೋಲ್ಟ್ ಎಂದರೆ ಎತ್ತರವಿದ್ದಂತೆ. ಗಣಕಕ್ಕೆ ಬೇಕಾದದ್ದು 5 ವೋಲ್ಟ್. ಸೆಲ್ಲಿನದು ಸರಾಸರಿ 3.7 ವೋಲ್ಟ್. ಎತ್ತರ ಬೇರೆಬೇರೆ ಇರುವಾಗ ಪ್ರಮಾಣಗಳನ್ನಷ್ಟೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಎರಡನ್ನೂ ಗುಣಿಸಿ ವಾಟ್-ಗಂಟೆಯಲ್ಲಿ ಎಣಿಸಬೇಕು. ಸೆಲ್ಲಿನಲ್ಲಿರುವುದು 3.7 × 2.5 = 9.25 ವಾಟ್-ಗಂಟೆ. ವೋಲ್ಟೇಜ್ ಏರಿಸಿಕೊಡುವ ‘ಬೂಸ್ಟ್ ಕನ್ವರ್ಟರ್’ ತನ್ನ ಕೂಲಿಯಾಗಿ ನೂರಕ್ಕೆ ಹತ್ತು-ಹದಿನೈದರಷ್ಟನ್ನು ಶಾಖವಾಗಿ ಕಳೆಯುತ್ತದೆ. ಉಳಿಯುವುದು ಸುಮಾರು 8. ಗಣಕದ ಬಳಕೆ 5 × 0.4 = 2 ವಾಟ್. ಅಲ್ಲಿಗೆ ನಾಲ್ಕು ಗಂಟೆ ಸರಿಹೋಯಿತು.

ಇನ್ನೊಂದು ತೊಡಕುಂಟು. ಸೆಲ್ಲಿನಲ್ಲಿ ವಿದ್ಯುತ್ ಉಳಿದಿರುವಾಗಲೇ ಗಣಕ ತಟಕ್ಕನೆ ಆರಿ ಮತ್ತೆ ಶುರುವಾಗಬಹುದು. ಗಣಕ ಭಾರೀ ಕೆಲಸದಲ್ಲಿರುವಾಗ ಕ್ಷಣಕಾಲ 1 ಆಂಪಿಯರ್, ಅಂದರೆ 5 ವಾಟ್, ಕೇಳಿತೆನ್ನಿ. ಸೆಲ್ 3.2 ವೋಲ್ಟಿಗೆ ಇಳಿದಿದ್ದರೆ ಅದು ಸುಮಾರು 1.8 ಆಂಪಿಯರ್ ಕೊಡಬೇಕಾಗುತ್ತದೆ. ತಂತಿ ತೆಳುವಾಗಿದ್ದರೆ ದಾರಿಯಲ್ಲೇ ವೋಲ್ಟೇಜ್ ಕುಸಿಯುತ್ತದೆ. ಆದ್ದರಿಂದ ಸರಾಸರಿ ಬಳಕೆಯಿಂದ ಸೆಲ್ಲಿನ ಗಾತ್ರ, ಗರಿಷ್ಠ ಬಳಕೆಯಿಂದ ತಂತಿ ಮತ್ತು ಕನ್ವರ್ಟರ್ ಆರಿಸಿ.

ಹೆತ್ತವರು ಗಮನಿಸಬೇಕಾದದ್ದು ಇಲ್ಲಿದೆ. ಲಿಥಿಯಂ ಅಯಾನ್ ಸೆಲ್ಲಿಗೆ 4.2 ವೋಲ್ಟ್ ಮೀರಿ ಚಾರ್ಜ್ ಮಾಡಿದರೆ, ಅಥವಾ ಅದರ ಎರಡು ತುದಿಗಳು ನೇರವಾಗಿ ತಾಗಿದರೆ, ಬೆಂಕಿ ಹೊತ್ತಿಕೊಳ್ಳಬಹುದು. ರಕ್ಷಣಾ ಮಂಡಲವಿರುವ ಸೆಲ್ಲನ್ನೂ ಅದಕ್ಕೆಂದೇ ಮಾಡಿದ ಚಾರ್ಜರನ್ನೂ ಮಾತ್ರ ಕೊಡಿಸಿ. ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಸೆಲ್ ಬೇಡ. ಸೆಲ್ಲಿನ ಮೈಗೆ ಬೆಸುಗೆ ಹಾಕಲು ಬಿಡಬೇಡಿ, ಹೋಲ್ಡರ್ ಬಳಸಲಿ. ಉಬ್ಬಿದ ಸೆಲ್ ಕಂಡರೆ ಅದನ್ನು ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಇಡುವ ಅಭ್ಯಾಸವೂ ಬೇಡ.

ಮೊದಲ ಪ್ರಯತ್ನಕ್ಕೆ ಮರುಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಪೆನ್ಸಿಲ್ ಸೆಲ್‌ಗಳೇ ಲೇಸು. ತೂಕ ಹೆಚ್ಚು, ಆದರೆ ಅಪಾಯ ಕಡಿಮೆ. ತಲಾ 1.2 ವೋಲ್ಟ್, 2000 ಮಿಲಿಆಂಪಿಯರ್-ಗಂಟೆಯ ಮೂರು ಸೆಲ್‌ಗಳನ್ನು ಸಾಲಾಗಿ ಜೋಡಿಸಿ ಅದೇ ಗಣಕ ನಡೆಸಿದರೆ ಎಷ್ಟು ಹೊತ್ತು ಬರುತ್ತದೆ? ಪೆನ್ನು, ಕಾಗದ ಹಿಡಿದು ನೀವೇ ಲೆಕ್ಕ ಹಾಕಿ. ಸುಮಾರು ಮೂರು ಗಂಟೆ ಬಂದರೆ ನಿಮ್ಮ ಲೆಕ್ಕ ಸರಿ.