ಹದಿನಾಲ್ಕನೇ ದಿನದ ಲೆಕ್ಕ ಎಲ್ಲರಿಗೂ ಹೊಂದಲ್ಲ

‘ಏನಮ್ಮಾ, ವಿಶೇಷ ಏನಾದ್ರೂ ಇದ್ಯಾ?’

ಮದುವೆಯಾಗಿ ಮೂರು ತಿಂಗಳಾಗುತ್ತಿದ್ದಂತೆ ಶುರುವಾಗುವ ಪ್ರಶ್ನೆ ಇದು. ನಾಮಕರಣಕ್ಕೆ ಹೋದರೂ ಕೇಳ್ತಾರೆ, ಗೃಹಪ್ರವೇಶಕ್ಕೆ ಹೋದರೂ ಕೇಳ್ತಾರೆ. ಎದುರುಮನೆಗೆ ಅರಿಶಿನ ಕುಂಕುಮಕ್ಕೆ ಹೋದರಂತೂ ತಪ್ಪಿದ್ದೇ ಅಲ್ಲ. ಉತ್ತರ ಕೊಡಬೇಕಾದವಳು ಹೆಂಡತಿ. ಪಕ್ಕದಲ್ಲೇ ನಿಂತ ಗಂಡನನ್ನು ಯಾರೂ ಕೇಳುವುದಿಲ್ಲ. ಆತ ಚಪ್ಪಲಿ ಹುಡುಕುವ ನೆಪದಲ್ಲಿ ಮೆಲ್ಲಗೆ ಜಾರಿಕೊಳ್ಳುತ್ತಾನೆ.

ತಿಂಗಳಿಗೆ ಸರಿಯಾಗಿ ಮುಟ್ಟಾಗುವವರಿಗೆ ಈ ಪ್ರಶ್ನೆ ಬರೀ ಕಿರಿಕಿರಿ. ಆದರೆ 45 ದಿನಕ್ಕೋ, 60 ದಿನಕ್ಕೋ, ಕೆಲವೊಮ್ಮೆ ಮೂರು ತಿಂಗಳಿಗೋ ಆಗುವವರ ಪಾಡು ಬೇರೆ. ವಿಶೇಷ ಇದೆಯೋ ಇಲ್ಲವೋ ಅಂತ ಅವರಿಗೇ ಗೊತ್ತಿರುವುದಿಲ್ಲ! ಡೇಟ್ ಹತ್ತು ದಿನ ಮುಂದೆ ಹೋಯಿತೆಂದರೆ ಒಳಗೊಳಗೇ ಆಸೆ. ಮೆಡಿಕಲ್ ಶಾಪಿನಿಂದ ಕಿಟ್ ತಂದು, ಮನೆಯವರೆಲ್ಲ ಏಳುವ ಮೊದಲೇ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ನೋಡಿದರೆ ಒಂದೇ ಗೆರೆ. ವಾರ ಬಿಟ್ಟು ನೋಡಿದರೆ ಮತ್ತೆ ಒಂದೇ ಗೆರೆ. ಅಂಗಡಿಯವನು ಏನಂದುಕೊಳ್ಳುತ್ತಾನೋ ಅಂತ ನಾಲ್ಕನೇ ಕಿಟ್ಟಿಗೆ ಬೇರೆ ಬೀದಿಯ ಅಂಗಡಿಗೆ ಹೋಗುವ ಹೆಂಗಸರು ಇದ್ದಾರೆ. ನಾನೂ ಅವರಲ್ಲೊಬ್ಬಳು. ಮದುವೆಯಾಗಿ ಆರು ವರ್ಷ, ಪಿಸಿಓಡಿ ಅಂತ ಗೊತ್ತಾಗಿ ನಾಲ್ಕು ವರ್ಷ. ಮಡಿಲು ಇನ್ನೂ ತುಂಬಿಲ್ಲ. ಹಾಗಾಗಿ ಇದು ‘ನಾನು ಗೆದ್ದ ಕಥೆ’ ಅಲ್ಲ. ಈ ನಾಲ್ಕು ವರ್ಷದಲ್ಲಿ ಡಾಕ್ಟರುಗಳನ್ನು ಕೇಳಿ, ಓದಿ, ತಿಳಿದುಕೊಂಡದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದನ್ನು ಹೇಳುತ್ತಿದ್ದೇನೆ, ಅಷ್ಟೆ.

ಪಿಸಿಓಡಿ, ಪಿಸಿಓಎಸ್... ಹೆಸರು ಎರಡಾದರೂ ಕ್ಲಿನಿಕ್ಕುಗಳಲ್ಲಿ ಹೇಳುವುದು ಹೆಚ್ಚುಕಡಿಮೆ ಒಂದೇ ತೊಂದರೆಗೆ. ಸುಮಾರು ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇದೆ ಎನ್ನುತ್ತಾರೆ. ಇದ್ದವರಲ್ಲಿ ಬಹಳ ಮಂದಿಗೆ ಇದೆಯೆಂಬುದೇ ಗೊತ್ತಿಲ್ಲ. 1935ರಲ್ಲೇ ಅಮೆರಿಕದ ಷಿಕಾಗೋದಲ್ಲಿ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ವೈದ್ಯರು ಏಳು ಹೆಂಗಸರ ಉದಾಹರಣೆ ಇಟ್ಟು ಇದರ ಬಗ್ಗೆ ಬರೆದಿದ್ದರು. ಅಂದರೆ ಪಿಜ್ಜಾ ಬರ್ಗರ್ ನಮ್ಮೂರಿಗೆ ಬಂದ ಮೇಲೆ ಹುಟ್ಟಿದ ಕಾಯಿಲೆ ಇದಲ್ಲ!

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಸಿಸ್ಟ್’ ಅಂತ ಓದಿದ ತಕ್ಷಣ ‘ಅಯ್ಯೋ, ಗಡ್ಡೆ!’ ಎಂದು ಮನೆಯಲ್ಲಿ ಅಳು ಶುರುವಾಗುತ್ತದೆ. ನಿಜ ಹೇಳಬೇಕೆಂದರೆ ಅವು ಗಡ್ಡೆಗಳಲ್ಲ. ಅಂಡಾಶಯದಲ್ಲಿ ಪ್ರತಿ ತಿಂಗಳೂ ಹಲವು ಪುಟ್ಟ ಕೋಶಗಳು ಬೆಳೆಯತೊಡಗುತ್ತವೆ. ಅವುಗಳಲ್ಲಿ ಒಂದು ಮುಂದೆ ಬಂದು, ಬಲಿತು, ಒಡೆದು ಅಂಡಾಣುವನ್ನು ಹೊರಗೆ ಬಿಡಬೇಕು. ನಮ್ಮಂಥವರಲ್ಲಿ ಹಾರ್ಮೋನುಗಳ ಏರುಪೇರಿನಿಂದ ಎಲ್ಲವೂ ಅರ್ಧಕ್ಕೇ ನಿಂತುಬಿಡುತ್ತವೆ, ಗೊನೆಯಲ್ಲಿ ಒಂದು ಕಾಯಿಯೂ ಹಣ್ಣಾಗದ ಹಾಗೆ. ಸ್ಕ್ಯಾನಿನಲ್ಲಿ ಕಾಣುವುದು ಆ ಬಲಿಯದ ಕೋಶಗಳು. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಹೆಚ್ಚು ಹೆಚ್ಚು ತಯಾರಾಗುವುದು, ಗಂಡು ಹಾರ್ಮೋನು ಎಂದು ಕರೆಯುವ ಆ್ಯಂಡ್ರೋಜನ್ ಜಾಸ್ತಿಯಾಗುವುದು ಇದರ ಹಿಂದಿನ ಕಾರಣ. ಮೊಡವೆ, ಗದ್ದದ ಮೇಲೆ ಕೂದಲು ಬರುವುದೂ ಅದರಿಂದಲೇ.

ಈಗ ಹದಿನಾಲ್ಕನೇ ದಿನದ ವಿಷಯಕ್ಕೆ ಬರೋಣ. ಮಗು ಬೇಕು ಅಂದ ಕೂಡಲೇ ಅಕ್ಕ, ಅತ್ತಿಗೆ, ಗೆಳತಿ ಎಲ್ಲರೂ ಹೇಳುವ ಗುಟ್ಟು ಇದು: ‘ಮುಟ್ಟಾದ ಹದಿನಾಲ್ಕನೇ ದಿನ ತಪ್ಪಿಸಬೇಡ ಕಣೇ.’ ಇದು 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರ ಲೆಕ್ಕ. ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು. 28ರಲ್ಲಿ 14 ಕಳೆದರೆ 14, ಆದ್ದರಿಂದ ಆ ದಿನ. 45 ದಿನಕ್ಕೊಮ್ಮೆ ಆಗುವವಳಿಗೆ ಅದು 31ನೇ ದಿನದ ಆಸುಪಾಸು. ಅವಳು ಹದಿನಾಲ್ಕನೇ ದಿನ ಗಂಡನಿಗೆ ಟೂರು ತಪ್ಪಿಸಿ, ದೇವರಿಗೆ ತುಪ್ಪದ ದೀಪ ಹಚ್ಚಿ ಕೂತರೆ ಏನು ಬಂತು? ಇನ್ನು ಒಂದು ಸಲ 38, ಇನ್ನೊಂದು ಸಲ 70 ದಿನ ಆಗುವವಳಿಗೆ ಮುಂದಿನ ಮುಟ್ಟು ಯಾವಾಗೆಂದೇ ಗೊತ್ತಿಲ್ಲದ ಮೇಲೆ ಹಿಂದಕ್ಕೆ ಎಣಿಸುವುದಾದರೂ ಹೇಗೆ?

ರಕ್ತಪರೀಕ್ಷೆಯಲ್ಲೂ ಇದೇ ಗೊಂದಲ. ಅಂಡಾಣು ಬಿಡುಗಡೆಯಾಗಿದೆಯೇ ಎಂದು ತಿಳಿಯಲು 21ನೇ ದಿನ ಪ್ರೊಜೆಸ್ಟರಾನ್ ಪರೀಕ್ಷೆ ಮಾಡಿಸುವ ರೂಢಿಯಿದೆ. ಅದೂ 28 ದಿನದವರಿಗೆ ಹೊಲಿದ ಅಂಗಿ. ಮುಂದಿನ ಮುಟ್ಟಿಗೆ ಒಂದು ವಾರ ಮುಂಚೆ ಮಾಡಿಸಬೇಕಾದ ಪರೀಕ್ಷೆ ಅದು. ನನಗೆ ಒಂದು ನರ್ಸಿಂಗ್ ಹೋಮಿನಲ್ಲಿ ಕಣ್ಣು ಮುಚ್ಚಿ 21ನೇ ದಿನವೇ ಮಾಡಿಸಿ, ‘ನಿಮಗೆ ಎಗ್ ಬರೋದೇ ಇಲ್ಲ’ ಎಂದರು. ಆಮೇಲೆ ಬೇರೆ ಡಾಕ್ಟರು ಮೂರು ದಿನಕ್ಕೊಮ್ಮೆ ಸ್ಕ್ಯಾನ್ ಮಾಡುತ್ತಾ ನೋಡಿದಾಗ ಅಂಡಾಣು ಬಿಡುಗಡೆಯಾಗಿದ್ದು 29ನೇ ದಿನದ ಹೊತ್ತಿಗೆ! ತಡವಾಗಿ ಬರುವುದಕ್ಕೂ ಬಾರದೇ ಇರುವುದಕ್ಕೂ ವ್ಯತ್ಯಾಸ ಇಲ್ವಾ? ಆ ಒಂದು ಮಾತಿನಿಂದ ನಾನು ಎರಡು ತಿಂಗಳು ಸರಿಯಾಗಿ ನಿದ್ದೆ ಮಾಡಲಿಲ್ಲ.

ಅಂಡಾಣು ಬರುವ ದಿನ ತೋರಿಸುವ ಕಿಟ್ಟುಗಳೂ ಅಂಗಡಿಯಲ್ಲಿ ಸಿಗುತ್ತವೆ. ಅವು ನೋಡುವುದು ಎಲ್‌ಎಚ್ ಎಂಬ ಹಾರ್ಮೋನನ್ನು. ಪಿಸಿಓಎಸ್ ಇರುವ ಹಲವರಲ್ಲಿ ಅದು ಮೊದಲೇ ಏರಿರುತ್ತದೆ, ಹಾಗಾಗಿ ಕಿಟ್ಟು ಸುಮ್ಮಸುಮ್ಮನೆ ‘ಹೂಂ’ ಅಂದುಬಿಡಬಹುದು. ದುಡ್ಡು ದಂಡ. ಫಾಲಿಕ್ಯುಲರ್ ಸ್ಟಡಿ ಎನ್ನುವ ಸ್ಕ್ಯಾನು ನಂಬಿಕೆಗೆ ಅರ್ಹ, ಆದರೆ ಓಡಾಟ, ಖರ್ಚು ಎರಡೂ ಇದೆ. ಔಷಧಿ ತೆಗೆದುಕೊಳ್ಳುತ್ತಿರುವಾಗ ಅದು ಬೇಕೇ ಬೇಕು. ಉಳಿದ ದಿನಗಳಲ್ಲಿ ನನ್ನ ಡಾಕ್ಟರು ಹೇಳಿದ್ದು ಸರಳ: ದಿನ ಎಣಿಸುವುದು ಬಿಟ್ಟು, ಎರಡು ಮೂರು ದಿನಕ್ಕೊಮ್ಮೆ ಗಂಡ ಹೆಂಡತಿ ಜೊತೆಗಿರಿ. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಲ್ಲದು, ಅಂಡಾಣುವಿನ ಆಯಸ್ಸು ಮಾತ್ರ ಒಂದೇ ದಿನ. ಕ್ಯಾಲೆಂಡರ್ ನೋಡಿ ‘ಇವತ್ತು ಬೇಗ ಬನ್ನಿ’ ಅಂತ ಫೋನ್ ಮಾಡುವ ದಾಂಪತ್ಯ ಎಷ್ಟು ಬೇಗ ಹಳಸುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಹಾಗಂತ ಕ್ಯಾಲೆಂಡರನ್ನು ಎಸೆಯಬೇಡಿ! ನಮ್ಮ ಮನೆಗಳಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಮೇಲೆ ಹಾಲು ಬಾರದ ದಿನ, ಸಿಲಿಂಡರ್ ಬದಲಾಯಿಸಿದ ದಿನ, ಕೆಲಸದವಳ ರಜೆ ಎಲ್ಲವೂ ದಾಖಲಾಗುತ್ತದೆ. ಮುಟ್ಟಿನ ದಿನಕ್ಕೆ ಮಾತ್ರ ಯಾರ ಕಣ್ಣಿಗೂ ಬೀಳದ ಒಂದು ಚುಕ್ಕಿ, ಅದನ್ನೂ ವರ್ಷ ಮುಗಿದ ಮೇಲೆ ಕ್ಯಾಲೆಂಡರಿನ ಜೊತೆ ರದ್ದಿಗೆ ಹಾಕುತ್ತೇವೆ. ಒಂದು ನೋಟ್‌ಬುಕ್ ಇಡಿ. ಯಾವತ್ತು ಶುರುವಾಯಿತು, ಎಷ್ಟು ದಿನ ಇತ್ತು, ಯಾವ ಮಾತ್ರೆ ತೆಗೆದುಕೊಂಡಿರಿ ಎಂದು ಬರೆದಿಡಿ. ವರ್ಷಕ್ಕೆ ಎಂಟು ಸಲಕ್ಕಿಂತ ಕಡಿಮೆ ಆಗಿದ್ದರೆ, ಅಥವಾ 35 ದಿನ ದಾಟಿಯೇ ಆಗುತ್ತಿದ್ದರೆ, ‘ಒಂದು ವರ್ಷ ನೋಡೋಣ’ ಎಂದು ಕಾಯುವ ನಿಯಮ ನಿಮಗಲ್ಲ. ಅದು ಮುಟ್ಟು ಸರಿಯಾಗಿರುವ, 35 ವರ್ಷ ದಾಟದವರಿಗೆ. ನೀವು ಮಗು ಬೇಕೆಂದು ನಿರ್ಧರಿಸಿದಾಗಲೇ ಸ್ತ್ರೀರೋಗ ತಜ್ಞರ ಹತ್ತಿರ ಹೋಗಬಹುದು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹೆಚ್ಚುಕಡಿಮೆಯಾಗಿದ್ದರೂ ಮುಟ್ಟು ಏರುಪೇರಾಗುತ್ತದೆ, ಅದನ್ನು ಮೊದಲು ನೋಡುತ್ತಾರೆ. ಮೂರು ತಿಂಗಳಾದರೂ ಮುಟ್ಟಾಗದಿದ್ದರೆ, ಬಸಿರಲ್ಲ ಎಂದು ಖಚಿತವಾದ ಮೇಲೂ ಸುಮ್ಮನಿರುವ ಹಾಗಿಲ್ಲ. ಗರ್ಭಕೋಶದ ಒಳಪದರ ಉದುರದೆ ದಪ್ಪವಾಗುತ್ತಾ ಹೋಗುವುದು ಒಳ್ಳೆಯದಲ್ಲ.

ಒಂದು ಕಟುವಾದ ಮಾತು. ವರಮಹಾಲಕ್ಷ್ಮಿ ಹಬ್ಬ, ಗೌರಿಹಬ್ಬ, ನಾದಿನಿ ಮದುವೆ ಅಂತ ಮುಟ್ಟು ಮುಂದೂಡುವ ಮಾತ್ರೆಯನ್ನು ಡಾಕ್ಟರ ಚೀಟಿ ಇಲ್ಲದೆ ತಂದು ನುಂಗಿಸುವ ಅತ್ತೆಯಂದಿರು ಇದ್ದಾರೆ. ‘ಮೊಮ್ಮಗು ಯಾವಾಗ’ ಎಂದು ಕೇಳುವವರೂ ಅವರೇ! ಮಗುವಿಗಾಗಿ ಪ್ರಯತ್ನಿಸುತ್ತಿರುವವಳು ಆ ಮಾತ್ರೆ ನುಂಗಬಾರದು. ಆ ಹೊತ್ತಿಗೆ ಬಸಿರು ನಿಂತಿದ್ದರೆ? ಮೊದಲೇ ತಪ್ಪಿರುವ ಲೆಕ್ಕ ಇನ್ನಷ್ಟು ಕಲಸುಮೇಲೋಗರವಾಗುವುದು ಬೇರೆ. ಕಳಸ ಇಡುವ ಕೆಲಸವನ್ನು ಆ ವರ್ಷ ಮನೆಯಲ್ಲಿ ಬೇರೆ ಯಾರಾದರೂ ಮಾಡಲಿ ಬಿಡಿ.

ಇನ್ನು ಗಂಡನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೆಂಡತಿಗೆ ಪಿಸಿಓಡಿ ಎಂದು ಗೊತ್ತಾದ ದಿನವೇ ಮನೆಯಲ್ಲಿ ತೀರ್ಪು ಹೊರಬೀಳುತ್ತದೆ: ‘ತೊಂದರೆ ಇವಳಲ್ಲೇ.’ ಆಮೇಲೆ ಸಾಲುಸಾಲು ರಕ್ತಪರೀಕ್ಷೆ, ಸ್ಕ್ಯಾನು, ಗರ್ಭನಾಳ ತೆರೆದಿದೆಯೇ ಎಂದು ನೋಡಲು ಡೈ ಹಾಯಿಸಿ ತೆಗೆಯುವ ಎಕ್ಸ್‌ರೇ. ಆ ನೋವು ಏನೆಂದು ಕೇಳಬೇಡಿ. ಇಷ್ಟೆಲ್ಲ ಆದ ಮೇಲೂ ಎಷ್ಟೋ ಕಡೆ ಗಂಡನ ವೀರ್ಯ ಪರೀಕ್ಷೆ ಆಗಿರುವುದೇ ಇಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಹೆಂಡತಿಗೆ ಒಂದು ತೊಂದರೆ ಇದೆಯೆಂದ ಮಾತ್ರಕ್ಕೆ ಗಂಡನಿಗೆ ಇರಬಾರದು ಅಂತ ಕಾನೂನಿದೆಯಾ? ಎಲ್ಲ ಪರೀಕ್ಷೆಗಳಲ್ಲಿ ಸುಲಭವಾದದ್ದು ಇದೇ. ಎರಡರಿಂದ ಏಳು ದಿನ ದೂರವಿದ್ದು ಒಂದು ಬೆಳಗ್ಗೆ ಲ್ಯಾಬಿಗೆ ಹೋಗಿಬಂದರೆ ಮುಗಿಯಿತು. ಸೂಜಿಯಿಲ್ಲ, ನೋವಿಲ್ಲ.

‘ಅವರನ್ನು ಹೇಗೆ ಕೇಳೋದು, ಬೇಜಾರು ಮಾಡಿಕೊಳ್ತಾರೆ’ ಎನ್ನುವ ಗೆಳತಿಯರಿಗೆ ನನ್ನ ಉಪಾಯ ಹೇಳುತ್ತೇನೆ. ನೀವು ಕೇಳಬೇಡಿ. ಮೊದಲ ಸಲವೇ ಇಬ್ಬರೂ ಒಟ್ಟಿಗೆ ಹೋಗಿ, ಇಬ್ಬರ ಪರೀಕ್ಷೆಯನ್ನೂ ಒಂದೇ ಚೀಟಿಯಲ್ಲಿ ಬರೆದುಕೊಡಿ ಎಂದು ಡಾಕ್ಟರಿಗೆ ಹೇಳಿ. ಹೆಂಡತಿ ಕೇಳಿದರೆ ಗಂಡಸುತನಕ್ಕೆ ಏಟು, ಡಾಕ್ಟರು ಬರೆದರೆ ಬರೀ ಟೆಸ್ಟು!

ಔಷಧಿಗಳ ಬಗ್ಗೆಯೂ ಮನೆಯಲ್ಲಿ ದೊಡ್ಡ ಕಥೆಯೇ ನಡೆಯುತ್ತದೆ. ಮೆಟ್‌ಫಾರ್ಮಿನ್ ಕೊಟ್ಟರೆ ‘ಇದು ಶುಗರ್ ಮಾತ್ರೆ, ನಿನಗೆ ಶುಗರ್ ಇದ್ಯಾ?’ ಅದನ್ನು ಕೊಡುವುದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲಿ ಎಂದು. ಲೆಟ್ರೋಜೋಲ್ ಕೊಟ್ಟರೆ ಇನ್ನೂ ಗಾಬರಿ. ಡಬ್ಬಿಯೊಳಗಿನ ಚೀಟಿ ಬಿಚ್ಚಿದರೆ ಸ್ತನ ಕ್ಯಾನ್ಸರ್ ಎಂದು ಬರೆದಿರುತ್ತದೆ. ಹೌದು, ಅದು ಮೂಲತಃ ಅದಕ್ಕೇ ಬಂದ ಮಾತ್ರೆ. ಬಂಜೆತನದ ಚಿಕಿತ್ಸೆಗೆ ಬಳಸಬಾರದು ಎಂದು ನಮ್ಮ ಸರ್ಕಾರವೂ 2011ರಲ್ಲಿ ನಿಷೇಧ ಹಾಕಿತ್ತು. ಆದರೆ 2014ರಲ್ಲಿ ಅಮೆರಿಕದಲ್ಲಿ ಪಿಸಿಓಎಸ್ ಇರುವ 750 ಹೆಂಗಸರ ಅಧ್ಯಯನ ಹೊರಬಂತು. ಹಳೆಯ ಕ್ಲೊಮಿಫೀನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇಕಡಾ 19.1ರಷ್ಟು ಮಂದಿಗೆ ಮಗುವಾದರೆ, ಲೆಟ್ರೋಜೋಲ್ ತೆಗೆದುಕೊಂಡವರಲ್ಲಿ ಶೇಕಡಾ 27.5. ಇಲ್ಲಿನ ನಿಷೇಧವೂ 2017ರಲ್ಲಿ ಹೋಯಿತು. 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ, ಅಂಡಾಣು ಬರಿಸಲು ಮೊದಲು ಕೊಡಬೇಕಾದ ಮಾತ್ರೆ ಇದೇ. ಆದರೆ ಪಕ್ಕದ ಮನೆಯವಳ ಚೀಟಿ ಹಿಡಿದು ತಂದು ನುಂಗುವ ಮಾತ್ರೆ ಖಂಡಿತ ಅಲ್ಲ.

ಈ ಸುಲಭದ ಮೆಟ್ಟಿಲುಗಳನ್ನೆಲ್ಲ ಹಾರಿ, ರಸ್ತೆಬದಿಯ ದೊಡ್ಡ ದೊಡ್ಡ ಬೋರ್ಡು ನೋಡಿ ನೇರ ಐವಿಎಫ್‌ಗೆ ಹೋಗಿ ಸಾಲ ಮಾಡಿಕೊಳ್ಳುವವರನ್ನು ಕಂಡರೆ ಸಂಕಟವಾಗುತ್ತದೆ. ಬೇಕಾದವರಿಗೆ ಅದು ವರವೇ ಸರಿ. ಮೊದಲ ಭೇಟಿಯಲ್ಲೇ ಪ್ಯಾಕೇಜು ಹೇಳುವ ಕಡೆಯಿಂದ ಮಾತ್ರ ಎದ್ದು ಬನ್ನಿ. 2021ರ ಕಾಯ್ದೆಯ ಪ್ರಕಾರ ಇಂಥ ಕ್ಲಿನಿಕ್ಕುಗಳು ನೋಂದಣಿ ಮಾಡಿಸಿರಲೇಬೇಕು, ಆ ಪತ್ರ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚವೇನೂ ಇಲ್ಲ.

ತೂಕದ ಬಗ್ಗೆ ಹೇಳದಿದ್ದರೆ ಈ ಲೇಖನ ಪೂರ್ತಿಯಾಗುವುದಿಲ್ಲವೇನೋ! ‘ಸಣ್ಣ ಆಗಿ ಬನ್ನಿ’ ಎಂದು ಮೂರೇ ಪದದಲ್ಲಿ ಕಳಿಸಿಬಿಡುವ ವೈದ್ಯರ ಮೇಲೆ ನನಗೆ ಸಿಟ್ಟಿದೆ. ಎಷ್ಟು, ಹೇಗೆ ಅಂತ ಹೇಳಬೇಡವೇ? 80 ಕೆ.ಜಿ. ಇರುವವರು 4ರಿಂದ 8 ಕೆ.ಜಿ. ಇಳಿದರೂ ಸಾಕು, ಹಲವರಲ್ಲಿ ಮುಟ್ಟು ತಾನಾಗಿ ಹಳಿಗೆ ಬರುತ್ತದೆ. ಜೀರೋ ಸೈಜ್ ಆಗಬೇಕಾಗಿಲ್ಲ. ರಾತ್ರಿಯ ಅನ್ನ ಕಡಿಮೆ ಮಾಡಿ ಪಲ್ಯ, ಕೋಸಂಬರಿ ಹೆಚ್ಚಿಸುವುದು, ಸಂಜೆ ಧಾರಾವಾಹಿಯ ಹೊತ್ತಿಗೆ ಮುಕ್ಕಾಲು ಗಂಟೆ ನಡೆಯುವುದು, ಇಷ್ಟರಿಂದಲೇ ಶುರು ಮಾಡಬಹುದು. ಕಡ್ಡಿಯಂತಿರುವವರಿಗೂ ಪಿಸಿಓಎಸ್ ಬರುತ್ತದೆ. ಅವರಿಗೆ ತೂಕದ ಉಪದೇಶ ಬೇಡ.

ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಹರಕೆ ಹೊತ್ತು ಬಂದಿದ್ದೇನೆ, ಅಶ್ವತ್ಥಕಟ್ಟೆಯನ್ನೂ ಸುತ್ತಿದ್ದೇನೆ. ಮನಸ್ಸಿಗೆ ಅಷ್ಟು ಹೊತ್ತು ಹಗುರಾಗುವುದು ಸುಳ್ಳಲ್ಲ. ಅಲ್ಲಿ ಸಾಲಾಗಿ ಕೂತ ದಂಪತಿಗಳನ್ನು ನೋಡಿದಾಗ ‘ನಾನೊಬ್ಬಳೇ ಅಲ್ಲ’ ಅನ್ನಿಸುತ್ತದಲ್ಲ, ಅದೇ ಎಷ್ಟೋ ಸಮಾಧಾನ. ಆದರೆ ಸೀಮಂತದ ಕರೆ ಬಂದಾಗ ಹೊಟ್ಟೆಯಲ್ಲಿ ಕಲಸಿದಂತಾಗುವುದು, ಕಾರಣವಿಲ್ಲದೆ ಅಳು ಬರುವುದು ವಾರಗಟ್ಟಲೆ ಮುಂದುವರಿದರೆ ಡಾಕ್ಟರ ಹತ್ತಿರ ಅದನ್ನೂ ಹೇಳಿ. ಪಿಸಿಓಎಸ್ ಇರುವವರಲ್ಲಿ ಖಿನ್ನತೆ, ಆತಂಕ ಉಳಿದವರಿಗಿಂತ ಹೆಚ್ಚು. ಮನಸ್ಸು ಬರಲಿಲ್ಲವೆಂದರೆ ಆ ಸೀಮಂತಕ್ಕೆ ಹೋಗಲೇಬೇಡಿ. ಸೀರೆ, ಕಣ ಗಂಡನ ಕೈಲಿ ಕಳಿಸಿ.

ಕೊನೆಯದಾಗಿ ಫೋಲಿಕ್ ಆ್ಯಸಿಡ್. ಬಸಿರಾದ ಮೇಲೆ ಕೊಡುವ ಮಾತ್ರೆ ಎಂದೇ ಬಹಳ ಜನ ತಿಳಿದಿದ್ದಾರೆ. ಮಗುವಿನ ಮೆದುಳು, ಬೆನ್ನುಹುರಿಯ ಬುನಾದಿ ಬೀಳುವುದು ಬಸಿರು ನಿಂತ ಮೊದಲ ನಾಲ್ಕು ವಾರದೊಳಗೆ. 28 ದಿನಕ್ಕೆ ಮುಟ್ಟಾಗುವವಳಿಗೆ ಆ ಹೊತ್ತಿಗೆ ಅನುಮಾನವಾದರೂ ಬಂದಿರುತ್ತದೆ. ಎರಡು ತಿಂಗಳು ತಡವಾಗುವುದೇ ಅಭ್ಯಾಸವಾದವಳು ‘ಈ ಸಲವೂ ಲೇಟು’ ಅಂದುಕೊಂಡು ಸುಮ್ಮನಿದ್ದುಬಿಡುತ್ತಾಳೆ. ಆದ್ದರಿಂದ ಪ್ರಯತ್ನ ಶುರು ಮಾಡುವ ಮೊದಲೇ ದಿನಕ್ಕೆ ಕನಿಷ್ಠ 400 ಮೈಕ್ರೋಗ್ರಾಂ ದೇಹಕ್ಕೆ ಸೇರುತ್ತಿರಬೇಕು. ಶುಗರ್ ಇರುವವರಿಗೆ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಹೆಚ್ಚು ಬೇಕಾಗಬಹುದು, ಅದನ್ನು ನಿಮ್ಮ ಡಾಕ್ಟರು ಹೇಳಲಿ. ದುಬಾರಿ ಮಾತ್ರೆಯೇನಲ್ಲ. ಮುಂದಿನ ಸಲ ಮೆಡಿಕಲ್ ಶಾಪಿಗೆ ಕಿಟ್ ತರಲು ಹೋದಾಗ ಜೊತೆಗೆ ಅದನ್ನೂ ಕೇಳಿ ತನ್ನಿ.