ಅಕಸ್ಮಾತ್ ಶಿಶುಮರಣವೂ ವಿಚಾರಣೆಯ ಕ್ರಮವೂ

ರಾತ್ರಿ ಹಾಲು ಕುಡಿದು ಸುಖವಾಗಿ ಮಲಗಿದ ಹಸುಗೂಸು ಬೆಳಗಾಗುವುದರೊಳಗೆ ಪ್ರಾಣವಿಲ್ಲದೆ ಬಿದ್ದಿರುವ ಮನೆಯ ಸಂಕಟವನ್ನು ನಾವು ವರ್ಣಿಸಬೇಕಾದುದಿಲ್ಲ. ಆದರೆ ಆ ಸಂಕಟದ ಬೆನ್ನಿನಲ್ಲಿಯೇ ‘ಇದು ಹೇಗಾಯಿತು?’ ಎಂಬ ಪ್ರಶ್ನೆಯೂ ಬರುತ್ತದೆ. ಅದನ್ನು ಕೇಳುವವರಾರು, ಯಾವ ಕ್ರಮದಿಂದ ಕೇಳುವರು ಎಂಬುದರ ಮೇಲೆ ತಾಯಿತಂದೆಗಳ ಮಾನವೂ ಮುಂದೆ ಹುಟ್ಟುವ ಮಕ್ಕಳ ಪ್ರಾಣವೂ ನಿಂತಿವೆ.

ಈ ಕ್ರಮವು ತಪ್ಪಿದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡೇ ಸಾಕ್ಷಿ. ಅಲ್ಲಿ ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯ ಎರಡು ಗಂಡು ಶಿಶುಗಳು 1996ರಲ್ಲಿಯೂ 1998ರಲ್ಲಿಯೂ ಹಠಾತ್ತಾಗಿ ತೀರಿಕೊಂಡವು. 1999ರಲ್ಲಿ ಆಕೆಗೆ ಯಾವಜ್ಜೀವ ಶಿಕ್ಷೆಯಾಯಿತು. ಒಂದೇ ಕುಟುಂಬದಲ್ಲಿ ಹೀಗೆ ಎರಡು ಮರಣಗಳು ತಾವಾಗಿಯೇ ಸಂಭವಿಸುವುದು ಏಳು ಕೋಟಿ ಮೂವತ್ತು ಲಕ್ಷಕ್ಕೊಮ್ಮೆ ಮಾತ್ರವೆಂದು ಪ್ರಸಿದ್ಧ ಮಕ್ಕಳ ವೈದ್ಯರಾದ ಸರ್ ರಾಯ್ ಮೆಡೋ ಅವರು ಸಾಕ್ಷ್ಯ ನುಡಿದಿದ್ದರು. 8,543ಕ್ಕೆ ಒಂದು ಎಂಬ ಸಂಖ್ಯೆಯನ್ನು ಅದರಿಂದಲೇ ಗುಣಿಸಿ ಪಡೆದ ಲೆಕ್ಕವಿದು. ಒಡಹುಟ್ಟಿದವರಿಗೆ ರಕ್ತವೊಂದೇ, ಮನೆಯೊಂದೇ. ಒಂದು ಮರಣಕ್ಕೆ ಕಾರಣವಾದುದು ಇನ್ನೊಂದಕ್ಕೂ ಕಾರಣವಾಗಬಹುದಷ್ಟೆ. ಅಲ್ಲದೆ, ತಾಯಿಯು ಎರಡು ಮಕ್ಕಳನ್ನು ಕೊಲ್ಲುವುದೂ ಅಪರೂಪವೇ. ಒಂದು ಅಪರೂಪವನ್ನು ಇನ್ನೊಂದರೊಡನೆ ತೂಗದೆ ತೀರ್ಮಾನಿಸುವುದು ನ್ಯಾಯವಲ್ಲ. 2001ರಲ್ಲಿ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿಯು ಈ ಲೆಕ್ಕವನ್ನು ಬಹಿರಂಗವಾಗಿ ಖಂಡಿಸಿತು. ಎರಡನೆಯ ಶಿಶುವಿನ ದೇಹದಲ್ಲಿ ರೋಗಾಣುಗಳು ಕಂಡ ವರದಿಯು ಪ್ರತಿವಾದಿಯ ಕೈಸೇರಿರಲಿಲ್ಲವೆಂಬುದೂ ಹೊರಬಿದ್ದು, 2003ರ ಜನವರಿಯಲ್ಲಿ ತೀರ್ಪು ರದ್ದಾಯಿತು. ಬಿಡುಗಡೆಯಾದ ಆ ತಾಯಿಯು 2007ರಲ್ಲಿ ತೀರಿಕೊಂಡಳು.

ಆಸ್ಟ್ರೇಲಿಯದಲ್ಲಿಯೂ ನಾಲ್ಕು ಮಕ್ಕಳನ್ನು ಕಳೆದುಕೊಂಡ ಕ್ಯಾಥ್ಲೀನ್ ಫೋಲ್ಬಿಗ್ ಎಂಬಾಕೆ 2003ರಿಂದ ಇಪ್ಪತ್ತು ವರ್ಷ ಸೆರೆಯಲ್ಲಿದ್ದಳು. ಹೆಣ್ಣುಮಕ್ಕಳಿಬ್ಬರಲ್ಲಿ ಹೃದಯದ ಗತಿಯನ್ನು ಕೆಡಿಸಬಲ್ಲ ವಂಶವಾಹಿನಿಯ ದೋಷವಿದ್ದುದನ್ನು ವಿಜ್ಞಾನಿಗಳು ಕಂಡುಹಿಡಿದ ಮೇಲೆ, 2023ರಲ್ಲಿ ಮೊದಲು ಕ್ಷಮಾದಾನವೂ ಬಳಿಕ ತೀರ್ಪಿನ ರದ್ದತಿಯೂ ದೊರೆತವು.

ಹಾಗೆಂದು ವಿಚಾರಣೆಯೇ ಬೇಡವೆನ್ನುವುದು ಅವಿವೇಕ. ಶಿಶುಹತ್ಯೆಯು ಇಲ್ಲದ ಸಂಗತಿಯಲ್ಲ; ಬಾಯಿಲ್ಲದ ಕೂಸಿನ ಪರವಾಗಿ ಮಾತನಾಡತಕ್ಕದ್ದು ವಿಚಾರಣೆಯೊಂದೇ. ಇಂಗ್ಲೆಂಡಿನವರು ತಮ್ಮ ತಪ್ಪಿನಿಂದ ಪಾಠ ಕಲಿತರು. ಹೆಲೆನಾ ಕೆನಡಿಯವರ ಅಧ್ಯಕ್ಷತೆಯ ಸಮಿತಿಯು 2004ರಲ್ಲಿ ಒಂದು ಕ್ರಮವನ್ನು ಸೂಚಿಸಿತು. ಅದರಂತೆ ಮಕ್ಕಳ ವೈದ್ಯರೂ ಪೊಲೀಸರೂ ಒಟ್ಟಾಗಿ ನಡೆಯಬೇಕು. ಕೂಸು ಮಲಗಿದ್ದ ಸ್ಥಳವನ್ನೂ ಹಾಸಿಗೆಯನ್ನೂ ನೋಡಬೇಕು. ಹುಟ್ಟಿದಂದಿನಿಂದ ಅದರ ಆರೋಗ್ಯದ ವೃತ್ತಾಂತವನ್ನು ಸಮಾಧಾನದಿಂದ ಕೇಳಬೇಕು. ಮಕ್ಕಳ ಶವಪರೀಕ್ಷೆಯಲ್ಲಿ ಪರಿಣತರಾದವರೇ ಎಲುಬುಗಳ ಎಕ್ಸ್‌ರೇ, ರೋಗಾಣು, ವಿಷ ಮೊದಲಾದ ಪರೀಕ್ಷೆಗಳನ್ನು ಮಾಡಿಸಬೇಕು. ಇಷ್ಟಾದರೂ ಕಾರಣವು ತಿಳಿಯದಿದ್ದಲ್ಲಿ, ತಿಳಿಯದೆಂದೇ ಬರೆಯಬೇಕು. ‘ತಿಳಿಯದು’ ಎಂಬುದು ‘ಕೊಲೆ’ ಎಂಬುದರ ಪರ್ಯಾಯಪದವಲ್ಲ.

ಸಾವಧಾನದ ಶೋಧನೆಯು ಜೀವಗಳನ್ನೂ ಉಳಿಸಿದೆ. ಸತ್ತ ಶಿಶುಗಳು ಮಲಗಿದ್ದ ಭಂಗಿಯನ್ನು ವಿಚಾರಿಸಿದುದರಿಂದಲೇ ಬೋರಲು ಮಲಗಿಸುವುದು ಅಪಾಯವೆಂದು ತಿಳಿಯಿತು. 1991ರಲ್ಲಿ ಅಂಗಾತ ಮಲಗಿಸಿರೆಂಬ ಪ್ರಚಾರವು ಬ್ರಿಟನ್ನಿನಲ್ಲಿ ಆರಂಭವಾದ ಮೇಲೆ ಇಂತಹ ಮರಣಗಳು ಅರ್ಧಕ್ಕಿಂತಲೂ ಕಡಿಮೆಯಾದುವು.

ಇನ್ನು ನಮ್ಮ ಮನೆಯ ಮಾತು. ಶಿಶುಮರಣಗಳ ಪರಿಶೀಲನೆಗಾಗಿ ಕೇಂದ್ರ ಆರೋಗ್ಯ ಮಂತ್ರಾಲಯವು 2014ರಲ್ಲಿ ನಿಯಮಾವಳಿಯನ್ನು ಹೊರಡಿಸಿದೆ. ಆಶಾ ಕಾರ್ಯಕರ್ತೆಯು ಮರಣವನ್ನು ತಿಳಿಸಬೇಕು. ಬಳಿಕ ಮನೆಯವರನ್ನು ಕೇಳಿ ಕಾರಣವನ್ನು ನಿರ್ಣಯಿಸಬೇಕು. ಇತ್ತ, ಸಂಶಯಾಸ್ಪದ ಮರಣವಾದರೆ ಪೊಲೀಸರು ಪಂಚನಾಮೆ ಮಾಡುವರು. ಪರರ ಆಳ್ವಿಕೆಯ 1898ರ ಸಂಹಿತೆಯಲ್ಲಿ 174ನೆಯದಾಗಿದ್ದ ಆ ವಿಧಿಯು 2024ರಿಂದ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ವಿಧಿಯಾಗಿದೆ. ಸಂಖ್ಯೆಯು ಬದಲಾದರೆ ಸಾಲದು, ದೃಷ್ಟಿಯೂ ಬದಲಾಗಬೇಕು. ವೈದ್ಯನ ಕಾಗದವೊಂದು ಕಡೆ, ಪೊಲೀಸಿನವನ ಕಾಗದವೊಂದು ಕಡೆ ಇದ್ದರೆ ಸತ್ಯವು ಎರಡರ ನಡುವೆ ಜಾರಿಹೋಗುವುದು. ಇವೆರಡೂ ಜಿಲ್ಲೆಯಲ್ಲಿ ಒಂದೇ ಮೇಜಿಗೆ ಬರುವಂತೆಯೂ, ಮಕ್ಕಳ ಶವಪರೀಕ್ಷೆಯನ್ನು ಬಲ್ಲವರು ತಯಾರಾಗುವಂತೆಯೂ ಸರ್ಕಾರದವರು ಏರ್ಪಾಡು ಮಾಡತಕ್ಕದ್ದು.

ಮಹಾಜನರಿಗೂ ನಮ್ಮದೊಂದು ಬಿನ್ನಹ. ಕೂಸನ್ನು ಕಳೆದುಕೊಂಡ ಸೊಸೆಯನ್ನು ‘ಕಾಲ್ಗುಣ’ವೆಂದೋ ಅಜಾಗರೂಕಳೆಂದೋ ದೂಷಿಸುವ ಮನೆಗಳು ಇಂದಿಗೂ ಇವೆ. ಸಾಕ್ಷ್ಯವಿಲ್ಲದೆ ನಾಲಿಗೆಯು ಕೊಡುವ ತೀರ್ಪಿಗೆ ಮೇಲ್ಮನವಿಯಿಲ್ಲ. ಕಾರಣವನ್ನು ಅರಿತವರಿಂದ ಕೇಳೋಣ. ಅಲ್ಲಿಯವರೆಗೆ ಆ ತಾಯಿಗೆ ಆಸರೆಯಾಗೋಣ.